ಹರಿದ ನಕ್ಷತ್ರ

ಮುಂಬಯಿಯ ನಮ್ಮ ಕಟ್ಟಡದಲ್ಲಿ ದೀಪಾವಳಿ ಬಂತೆಂದರೆ ಮನೆಮನೆಯ ಬಾಗಿಲ ಮುಂದೆ ಆಕಾಶಬುಟ್ಟಿ ತೂಗುತ್ತದೆ. ನಮ್ಮ ಬಾಗಿಲಿಗೂ ಅದಕ್ಕೊಂದು ಕೊಕ್ಕೆಯುಂಟು. ಡಿಸೆಂಬರದಲ್ಲಿ ಅದೇ ಕೊಕ್ಕೆಗೆ ನಾವು ಕಾಗದದ ನಕ್ಷತ್ರ ಕಟ್ಟುತ್ತೇವೆ. ಧಾರವಾಡ ಬಿಟ್ಟು ಬಂದಂದಿನಿಂದ ನಡೆದು ಬಂದ ಪದ್ಧತಿ ಇದು. ಎರಡು ವರ್ಷಗಳ ಹಿಂದೆ, ಕ್ರಿಸ್ಮಸ್ಸಿಗೆ ಇನ್ನೂ ನಾಲ್ಕು ದಿನವಿರುವಾಗ, ಬೆಳಿಗ್ಗೆ ಹಾಲಿನ ಚೀಲ ತೆಗೆದುಕೊಳ್ಳಲೆಂದು ಬಾಗಿಲು ತೆರೆದರೆ ನಕ್ಷತ್ರ ಹರಿದು ಮೆಟ್ಟಿಲ ಮೇಲೆ ಬಿದ್ದಿತ್ತು. ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಅದರಲ್ಲಿದ್ದ ಮಾತುಗಳನ್ನು ಇಲ್ಲಿ ಬರೆಯಲಾರೆವು. ನಮ್ಮ ಹಿರಿಯರು ಎಷ್ಟು ಸೇರು ಅಕ್ಕಿಗೆ ತಮ್ಮನ್ನು ಮಾರಿಕೊಂಡರು ಎಂಬುದೇ ಅದರ ತಾತ್ಪರ್ಯ.

ಮನೆಯಲ್ಲಿ ಕೂಡಲೇ ಎರಡು ಪಕ್ಷಗಳಾದವು. "ಸುಮ್ಮನಿರೋ ತಮ್ಮಾ, ಅದನ್ನ ತಗದು ಒಳಗ ಇಡು. ಪರ ಊರಾಗ ಇದ್ದೀವಿ, ಯಾಕ ಬೇಕು?" ಎಂದಳು ಅವ್ವ. ಮಗನಿಗೆ ಹತ್ತೊಂಬತ್ತು ವರ್ಷ. ಚೀಟಿಯ ಚಿತ್ರವನ್ನು ಊರಿಗೆಲ್ಲ ವಾಟ್ಸಾಪ್ ಮಾಡಿ, ಅದಕ್ಕೆ ನಾಲ್ಕು ಪಟ್ಟು ಖಾರವಾದ ಉತ್ತರ ಬರೆಯಬೇಕೆಂದು ಅವನು ಹವಣಿಸುತ್ತಿದ್ದ. ನಡುವೆ ಸಿಕ್ಕಿಕೊಂಡವರು ನಾವಿಬ್ಬರು, ಗಂಡ ಹೆಂಡತಿ.

ಅವ್ವನ ಕೈಯಲ್ಲಿ ಸತ್ಯವೇದವೇ ಇತ್ತು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತೋರಿಸು ಎಂಬ ಉಪದೇಶ ಯಾರಿಗೆ ಗೊತ್ತಿಲ್ಲ? ಆದರೆ ಆ ಉಪದೇಶ ಕೊಟ್ಟ ಸ್ವಾಮಿಯ ಕೆನ್ನೆಗೇ ಮಹಾಯಾಜಕನ ಮನೆಯಲ್ಲಿ ಒಬ್ಬ ಓಲೇಕಾರ ಹೊಡೆದಾಗ ಏನಾಯಿತೆಂಬುದನ್ನು ಯೋಹಾನನ ಸುವಾರ್ತೆ ಹೇಳುತ್ತದೆ. ಅವರು ತಿರುಗಿ ಹೊಡೆಯಲಿಲ್ಲ, ಬಯ್ಯಲಿಲ್ಲ, ಸುಮ್ಮನೆಯೂ ಇರಲಿಲ್ಲ. ನನ್ನ ಮಾತು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಹೊಡೆದದ್ದೇಕೆ ಎಂದು ಕೇಳಿದರು. ಇಷ್ಟು ವರ್ಷ ದೇವಾಲಯದಲ್ಲಿ ಕುಳಿತು ಪ್ರಸಂಗ ಕೇಳಿದ ನಮಗೆ ಆ ಪ್ರಶ್ನೆ ಅದುವರೆಗೂ ಕಿವಿಗೆ ಬಿದ್ದಿರಲಿಲ್ಲ ಎಂದರೆ ನಾಚಿಕೆಯ ಸಂಗತಿ.

ಫಿಲಿಪ್ಪಿ ಪಟ್ಟಣದ ಕಥೆ ಇನ್ನೂ ಸ್ವಾರಸ್ಯವಾದುದು. ಅಪೊಸ್ತಲನಾದ ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಛಡಿಗಳಿಂದ ಹೊಡೆಸಿ, ಕಾಲಿಗೆ ಕೋಳ ಹಾಕಿ ಒಳಸೆರೆಗೆ ತಳ್ಳಿದರು. ರಾತ್ರಿ ಭೂಕಂಪವಾಗಿ ಸೆರೆಮನೆಯ ಬಾಗಿಲುಗಳು ತೆರೆದವು. ಕೈದಿಗಳು ಓಡಿಹೋದರೆಂದು ತಿಳಿದು ಸೆರೆಯ ಅಧಿಕಾರಿ ತನ್ನ ಕತ್ತಿಯಿಂದಲೇ ಸಾಯಲು ಹೊರಟಾಗ ಪೌಲನು ಕೂಗಿ ತಡೆದನು. ಆ ಅಧಿಕಾರಿಯೇ ಆಮೇಲೆ ಇವರ ಗಾಯ ತೊಳೆದನು. ಬೆಳಗಾದ ಮೇಲೆ, ಇನ್ನು ನೀವು ಹೋಗಬಹುದೆಂದು ನ್ಯಾಯಾಧಿಪತಿಗಳು ಹೇಳಿಕಳಿಸಿದರು. ಆಗ ಪೌಲನು ಪಟ್ಟು ಹಿಡಿದನು: ರೋಮಿನ ಪ್ರಜೆಗಳಾದ ನಮ್ಮನ್ನು ಬಹಿರಂಗವಾಗಿ ಹೊಡೆಸಿ ಗುಟ್ಟಾಗಿ ಕಳಿಸುವುದೆಂದರೇನು? ಅವರೇ ಬಂದು ಕರೆದುಕೊಂಡು ಹೋಗಲಿ! ಅವರು ಬಂದರು, ಬೇಡಿಕೊಂಡರು. ರಾತ್ರಿ ಕಾವಲುಗಾರನ ಪ್ರಾಣ ಉಳಿಸಿದವನೂ ಬೆಳಿಗ್ಗೆ ಕಾನೂನು ಎತ್ತಿದವನೂ ಒಬ್ಬನೇ ಮನುಷ್ಯ.

ಇದೆಲ್ಲ ಪುಸ್ತಕದ ಮಾತು ಎಂದ ಮಗ. ಅವನಿಗೆ ಒಡಿಶಾದ ಮನೋಹರಪುರದ ಸಂಗತಿ ಹೇಳಿದೆವು. ಅದು ನಡೆದಾಗ ಅವನಿನ್ನೂ ಹುಟ್ಟಿರಲಿಲ್ಲ. ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಎಂಬವರು 1965ರಿಂದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮಾಡಿಕೊಂಡಿದ್ದರು. 1999ರ ಜನವರಿ 22ರ ರಾತ್ರಿ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರನ್ನೂ, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ ಎಂಬ ಇಬ್ಬರು ಮಕ್ಕಳನ್ನೂ ಜನರ ಗುಂಪೊಂದು ಸುಟ್ಟುಹಾಕಿತು. ಉಳಿದವರು ಹೆಂಡತಿ ಗ್ಲಾಡಿಸ್, ಮಗಳು ಎಸ್ತೇರ್. ಕೊಂದವರನ್ನು ಕ್ಷಮಿಸಿದ್ದೇನೆ ಎಂದರು ಆ ತಾಯಿ. ಅಷ್ಟೇ ಹೇಳಿ ಸ್ವದೇಶಕ್ಕೆ ಹೋಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಹೋಗಲಿಲ್ಲ. 2004ರವರೆಗೆ ಬಾರಿಪದದಲ್ಲಿದ್ದು ಅದೇ ರೋಗಿಗಳನ್ನು ನೋಡಿಕೊಂಡರು. 2005ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಇತ್ತ ಮೊಕದ್ದಮೆ ತನ್ನ ದಾರಿಯಲ್ಲಿ ನಡೆಯಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕ್ಷಮೆ ಆ ತಾಯಿಯದು, ಶಿಕ್ಷೆ ನ್ಯಾಯಾಲಯದ್ದು. ನಮ್ಮಂಥವರು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಕಲಸುತ್ತೇವೆ. ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದರೆ ನಮ್ಮ ಮನಸ್ಸನ್ನು ಕೊರೆದದ್ದು ಚೀಟಿಯಲ್ಲಿದ್ದ ಆ ಅಕ್ಕಿಯ ಮಾತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1894ರಲ್ಲಿ ಅಚ್ಚಾದ ಕಿಟೆಲ್ ಸಾಹೇಬರ ನಿಘಂಟನ್ನು ಸಂಘದ ಸಭೆಗಳಲ್ಲಿ ಯಾರಾದರೂ ಹೊಗಳಿದರೆ ನಮ್ಮ ಎದೆ ಉಬ್ಬುತ್ತದೆ. ಅದೇ ಕಾಲದ ಕೆಲವು ಮಿಷನರಿ ಕರಪತ್ರಗಳು ಊರವರ ದೇವರನ್ನು ಹಳಿದದ್ದನ್ನು ಎತ್ತಿದರೆ ಮಾತು ಮರೆಸುತ್ತೇವೆ. ಅಂಥ ಬರಹ ಇಂದಿಗೂ ಪೂರಾ ನಿಂತಿಲ್ಲ. ಅದರಿಂದ ನಕ್ಷತ್ರ ಹರಿದದ್ದು ನ್ಯಾಯವಾಗುವುದಿಲ್ಲ, ನಿಜ. ಆದರೂ ನಮ್ಮ ಮೇಲೆ ಬರುವ ಪ್ರತಿಯೊಂದು ಬಿರುನುಡಿಯನ್ನೂ ಹಿಂಸೆಯೆಂದು ಕರೆದು ಹುತಾತ್ಮರ ಸಾಲಿನಲ್ಲಿ ಕುಳಿತುಕೊಳ್ಳುವ ಚಪಲ ನಮ್ಮವರಲ್ಲಿದೆ. ಕೆಲವು ಬಿರುನುಡಿಗಳಲ್ಲಿ ಉತ್ತರಿಸಬೇಕಾದ ಪ್ರಶ್ನೆಯೂ ಇರುತ್ತದೆ. ನಮ್ಮ ಹಿರಿಯರು ಅಕ್ಕಿಗಾಗಿ ಹೋದರೋ, ಶಾಲೆಗಾಗಿ ಹೋದರೋ, ದೇವರಿಗಾಗಿ ಹೋದರೋ? ಮೂರೂ ಇದ್ದೀತು. ಹಸಿದವನು ಅನ್ನ ಕೊಟ್ಟವನ ದೇವರನ್ನು ಪ್ರೀತಿಸಿದರೆ ಅದರಲ್ಲಿ ನಾಚಿಕೆಯೇನಿದೆ ಎಂದು ಅವ್ವ ಕೇಳಿದಾಗ ನಮಗೇ ಆಶ್ಚರ್ಯವಾಯಿತು.

ಕೊನೆಗೆ ಕಟ್ಟಡದ ಸೆಕ್ರೆಟರಿಗೆ ಒಂದು ಪತ್ರ ಬರೆದೆವು. ನಡೆದದ್ದನ್ನು ಮಾತ್ರ ಬರೆದು ಚೀಟಿಯನ್ನು ಜೊತೆಗಿಟ್ಟೆವು. ಅವರು ಓದಿ ತಲೆ ತಗ್ಗಿಸಿದರು. ಇಂಥದ್ದು ಇಲ್ಲಿ ನಡೆಯಕೂಡದೆಂದು ಫಲಕದ ಮೇಲೆ ಮರಾಠಿಯಲ್ಲಿ ಸೂಚನೆ ಹಾಕಿದರು. ಹರಿದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ನಿಜವಾದ ಕಷ್ಟ ಸುರುವಾದದ್ದು ಅಲ್ಲಿಂದಲೇ. ಲಿಫ್ಟಿನಲ್ಲಿ ಯಾರು ನಕ್ಕರೂ 'ಇವನೇ ಇರಬಹುದೇ?' ಎನಿಸುತ್ತಿತ್ತು. ಗಣಪತಿಯ ಪ್ರಸಾದ ತಂದುಕೊಡುವ ಎದುರುಮನೆಯವರನ್ನೂ ನಾವು ಬಿಡಲಿಲ್ಲ. ಒಬ್ಬನ ತಪ್ಪಿಗೆ ಇಡೀ ಕಟ್ಟಡವನ್ನೇ ಮನಸ್ಸಿನ ಕಟಕಟೆಯಲ್ಲಿ ನಿಲ್ಲಿಸಿದ್ದೆವು. ಆ ರೋಗ ವಾಸಿಯಾಗಲು ವರ್ಷವೇ ಹಿಡಿಯಿತು. ಪೂರ್ತಿ ಹೋಗಿದೆಯೆಂದು ಹೇಳಲಾರೆವು.

ನಕ್ಷತ್ರವನ್ನು ಒಳಗಿಡು ಎಂದ ಅವ್ವನೇ ಆ ಸಂಜೆ ಮೈದಾಹಿಟ್ಟಿನ ಅಂಟು ಕಾಸಿ ಅದಕ್ಕೆ ತೇಪೆ ಹಚ್ಚಿದಳು. ಮಗ ಅದನ್ನು ಕೊಕ್ಕೆಗೆ ಕಟ್ಟಿದ. ಅದರ ಒಂದು ಮೂಲೆ ಸೊಟ್ಟಗೇ ಉಳಿಯಿತು. ಕಳೆದ ಡಿಸೆಂಬರದಲ್ಲಿ ಮೇಲಿನ ಮಹಡಿಯ ಪುಟ್ಟ ಹುಡುಗನೊಬ್ಬ ನಿಂತು ನೋಡಿ, ಇದೇಕೆ ಹೀಗೆ ಎಂದು ಕೇಳಿದ. ಗಾಳಿಗೆ ಹರಿಯಿತು ಮರಿ ಎಂದುಬಿಟ್ಟೆವು. ಮಗ ನಮ್ಮ ಮುಖ ನೋಡಿದ. ಆ ಸುಳ್ಳು ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.