ಸದ್ದಿಲ್ಲದೆ ತೆರೆದ ಬಾಟಲಿ

ನಾಲ್ಕು ಜನ ದುಡ್ಡು ಕೂಡಿಸಿ ನಾವೊಂದು ನೊರೆಯುಕ್ಕುವ ವೈನಿನ ಬಾಟಲಿ ಕೊಂಡೆವು ಎಂದರೆ ಚಳವಳಿಯ ಹಿರಿಯರು ಬಯ್ಯಬಹುದು. ಬಯ್ಯಲಿ. 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೂಗಿದ ಕೂಗಿನ ಫಲ ಉಂಡವರು ನಾವು. ಹಾಸ್ಟೆಲಿನ ಮುದ್ದೆ ತಿಂದು ಬಿ.ಎ. ಮಾಡಿದವರು. ಸಾರಾಯಿ ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2007ರ ಜುಲೈನಲ್ಲಿ ಸರ್ಕಾರ ಅದನ್ನು ನಿಲ್ಲಿಸುವ ತನಕ ನಮ್ಮ ಅಪ್ಪಂದಿರ ಅರ್ಧ ಕೂಲಿ ಪ್ಯಾಕೆಟ್ಟಿಗೇ ಹೋಗುತ್ತಿತ್ತು. ಆಮೇಲೆ ವಿಸ್ಕಿ ಅಂಗಡಿಗೆ ಹೋಯಿತು, ಅಷ್ಟೆ.

ಹಾಗಿದ್ದೂ ಕೊಂಡೆವು. ಕಾರಣ ಒಂದು ಮದುವೆ. ಹುಡುಗ ನಮ್ಮ ಕೇರಿಯವನು, ಹುಡುಗಿ ಊರೊಳಗಿನವಳು. ಮೂವತ್ತು ದಿನ ನೋಟಿಸು ಹಲಗೆಯ ಮೇಲೆ ಹೆಸರು ನೇತುಹಾಕಿಕೊಂಡು, ಯಾರು ಎಲ್ಲಿಂದ ನುಗ್ಗುತ್ತಾರೋ ಎಂದು ನಿದ್ದೆಗೆಟ್ಟು, ಬಂಗಾರಪೇಟೆಯಲ್ಲಿ ರಿಜಿಸ್ಟರ್ ಆದರು. ಹುಡುಗಿಯ ಕಡೆಯಿಂದ ಒಬ್ಬರೂ ಬರಲಿಲ್ಲ. ಚಪ್ಪರ ಇಲ್ಲ, ವಾಲಗ ಇಲ್ಲ. ಅದಕ್ಕೂ ಮೊದಲೇ ಅವಳು ನಮಗೆ ಹೇಳಿದ್ದಳು: "ಸಿನಿಮಾದಲ್ಲಿ ಢಂ ಅಂತ ತೆರೀತಾರಲ್ಲ, ಅದೊಂದಾದ್ರೂ ಇರ್ಲಿ ಕಣ್ರೋ."

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲೇ ನಮ್ಮವರ ಶಾಫ್ಟು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು. ನಮ್ಮಲ್ಲಿಬ್ಬರು ಅದರಲ್ಲೇ ಹೋಗಿ ಬರುವವರು. ಬಾಟಲಿ ಕೊಂಡದ್ದು ಬೆಂಗಳೂರಿನಲ್ಲೇ. ಅಂಗಡಿಯವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಅದ್ಯಾಕ್ರೀ ನಿಮಗೆ, ರಮ್ಮು ತಗೊಳ್ಳಿ" ಅಂದ. ಆ ಮಾತಿಗೇ ನಾವು ಪಟ್ಟು ಹಿಡಿದು ಒಂದೊಂದೇ ಚೀಟಿ ಓದಿದೆವು. ಓದಲು ಕಲಿತದ್ದು ಇನ್ನೆಲ್ಲಿಗೆ ಬರಬೇಕು?

ಶಾಂಪೇನ್ ಎಂಬ ಹೆಸರು ಫ್ರಾನ್ಸಿನ ಆ ಸೀಮೆಯ ವೈನಿಗೆ ಮಾತ್ರ. ಅದರ ಬೆಲೆ ಕೇಳಿ ಕೆಳಗಿಟ್ಟೆವು. ನಾಸಿಕದ್ದು ನಮ್ಮ ಕೂಲಿಯ ಲೆಕ್ಕದಲ್ಲಿ ಮೂರು ದಿನಕ್ಕೆ ಬಂತು. ಒಳ್ಳೆಯದರಲ್ಲಿ ವೈನು ಬಾಟಲಿಯೊಳಗೇ ಎರಡನೇ ಸಲ ಹುಳಿತು ಗುಳ್ಳೆಯೇಳುತ್ತದೆ. ಕೆಲವು ದೊಡ್ಡ ತೊಟ್ಟಿಯಲ್ಲಿ ಹುಳಿಯುತ್ತವೆ. ತೀರಾ ಅಗ್ಗದ್ದಕ್ಕೆ ನಮ್ಮ ಗೋಲಿ ಸೋಡಾದ ಹಾಗೆ ಗ್ಯಾಸು ತುಂಬುತ್ತಾರೆ. 'ಬ್ರೂಟ್' ಎಂದರೆ ಲೀಟರಿಗೆ 12 ಗ್ರಾಂ ಒಳಗೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಎಂಬುದು ಅದಕ್ಕಿಂತ ಸಿಹಿ, 17 ಗ್ರಾಂವರೆಗೆ. ದೊಡ್ಡವರ ಭಾಷೆಯೇ ಹೀಗೆ. 'ಡೆಮಿ ಸೆಕ್' 32ರಿಂದ 50. ಮದುವೆ ಊಟ ನಮ್ಮೂರ ಪಾನಿಪುರಿ. ನೀರಿನಂತೆ ತಿಳಿಯಾಗಿ ಕಾಣುವ ಆ ಪಾನಿಯ ಖಾರ ಕುಡಿದವರಿಗೇ ಗೊತ್ತು. ಖಾರದ ಮೇಲೆ ಬ್ರೂಟ್ ಬಿದ್ದರೆ ನಾಲಗೆ ಇನ್ನೂ ಉರಿಯುತ್ತದೆ, ಸಿಹಿಯದಾದರೆ ತಣಿಸುತ್ತದೆ. ಸಿಹಿಯದನ್ನೇ ತಂದೆವು.

ಅಮ್ಮ ಒಂದೇ ಮಾತು ಅಂದಳು: "ಸಾರಾಯಿಗೆ ಇಂಗ್ಲೀಷ್ ಹೆಸರು." ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಅಜ್ಜಿಗೆ ಹೆಸರು ಬೇರೆ ಥರ ಕೇಳಿಸಿತು. "ಚಾಂಪಿಯನ್ನಾ?" ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವನು, 3,000 ಮೀಟರಿಗೂ ಆಳ ಹೋದ ಗಣಿ ಅದು. ಮೇಲಿನ ಬಂಡೆಯ ಭಾರಕ್ಕೆ ಕೆಳಗಿನ ಕಲ್ಲು ತಾನಾಗಿ ಸಿಡಿಯುತ್ತಿತ್ತು. ರಾಕ್ ಬರ್ಸ್ಟ್ ಎನ್ನುತ್ತಿದ್ದರು. ಆಗ ಲೈನ್ ಮನೆಗಳಲ್ಲಿ ಗೂಡಿನ ಪಾತ್ರೆ ಉರುಳುತ್ತಿದ್ದವಂತೆ. ಹೆಂಗಸರು ಒಲೆ ಮೇಲಿನದನ್ನು ಹಾಗೇ ಬಿಟ್ಟು ಶಾಫ್ಟಿನ ಬಾಯಿಗೆ ಓಡಿ, ಮೇಲೆ ಬರುವ ಒಂದೊಂದು ಮುಖವನ್ನೂ ನೋಡುತ್ತ ನಿಲ್ಲುತ್ತಿದ್ದರಂತೆ. ತಾತ ಪ್ರತಿ ಸಲವೂ ಮೇಲೆ ಬಂದ. ಕಡೆಗೆ ಅವನನ್ನು ತಿಂದದ್ದು ಎದೆಯೊಳಗಿನ ಕಲ್ಲುದೂಳು.

"ಢಂ ಅನ್ನಿಸ್ಬೇಡ್ರಪ್ಪಾ" ಅಂದಳು ಅಜ್ಜಿ.

ಮದುಮಗಳು ನಮ್ಮ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಮೆಲ್ಲಗೇ ತೆಗೀರಿ" ಅಂದಳು.

ಆ ಬಾಟಲಿಯೊಳಗಿನ ಒತ್ತಡ ಕಾರಿನ ಚಕ್ರದ ಗಾಳಿಗಿಂತ ಎರಡು ಪಟ್ಟಿಗೂ ಮೀರಿದ್ದು. ಕುಲುಕಿದರೆ, ಬೆಚ್ಚಗಿದ್ದರೆ ಸಿಡಿಯುತ್ತದೆ. ಮೀನಿನ ಅಂಗಡಿಯಿಂದ ಐಸ್ ತಂದು ಬಕೆಟ್ಟಿನ ನೀರಿಗೆ ಹಾಕಿ, ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ ಮುಕ್ಕಾಲು ಗಂಟೆ ಕಾದೆವು. ತಂತಿ ಬಿಚ್ಚುವಾಗ ಬಿರಡೆಯ ಮೇಲಿನ ಹೆಬ್ಬೆರಳು ತೆಗೆಯಲಿಲ್ಲ. ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ಮಾತ್ರ ತಿರುಗಿಸಿದೆವು. ಮದುಮಗಳು ಕಿವಿ ಹತ್ತಿರ ತಂದಳು. ಉಸ್ಸೆಂದಿತು, ಅಷ್ಟೆ.

"ಆಯ್ತಾ?" ಅಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ.

ಸ್ಟೀಲ್ ಲೋಟದಲ್ಲಿ ಎರಡೆರಡು ಗುಟುಕು ಬಂತು. ಅಮ್ಮ ಗೋಲಿ ಸೋಡಾ ಕುಡಿದಳು. ಮಾರನೆ ಬೆಳಿಗ್ಗೆ ನೋಡಿದರೆ, ಗಾಜು ದಪ್ಪಗಿದೆ, ಹರಳೆಣ್ಣೆಗಾಗುತ್ತೆ ಎಂದು ಅಜ್ಜಿ ಬಾಟಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು.