ಚನ್ನಗಿರಿಯ ಸಸಿ, ಜಗಳೂರಿನ ನೀರು

ಜುಲೈ ತಿಂಗಳ ಒಂದು ರಾತ್ರಿ ಮಾವನ ನರ್ಸರಿಯ ಫೇಸ್‌ಬುಕ್ ಪೇಜಿನ ಇನ್‌ಬಾಕ್ಸ್ ತೆಗೆದೆ. ಸುಮಾರು ನಾಲ್ಕು ತಿಂಗಳಿಂದ ಅದನ್ನು ಯಾರೂ ನೋಡಿರಲಿಲ್ಲ. ಸಸಿ ರೇಟು ಕೇಳಿದವರು, ಗುಡ್ ಮಾರ್ನಿಂಗ್ ಹಾಕಿದವರು, ಸಾಲ ಕೊಡ್ತೀವಿ ಅನ್ನುವವರು... ಇವರ ನಡುವೆ ಮಾರ್ಚ್ ಕೊನೆಗೆ ಬಂದ ಒಂದು ಮೆಸೇಜಿನಲ್ಲಿ ಎರಡೇ ಫೋಟೊ ಇದ್ದವು. ಒಂದರಲ್ಲಿ ಒಣಗಿ ಕಂದು ತಿರುಗಿದ ಅಡಿಕೆ ಗಿಡಗಳ ಸಾಲು. ಇನ್ನೊಂದು ನಮ್ಮದೇ ರೀಲ್‌ನ ಸ್ಕ್ರೀನ್‌ಶಾಟ್. ಅದರ ಮೇಲೆ ದಪ್ಪ ಅಕ್ಷರದಲ್ಲಿ, ‘ಒಂದು ಎಕರೆ, 540 ಗಿಡ, ಜೀವನಪೂರ್ತಿ ಪಿಂಚಣಿ.’

ಮಾತು ಒಂದೂ ಇರಲಿಲ್ಲ. ಆ ಪಿಂಚಣಿ ಸಾಲು ಬರೆದವಳು ನಾನೇ.

ಕಳಿಸಿದವರ ಪ್ರೊಫೈಲಿನಲ್ಲಿ ಊರು ಜಗಳೂರು ತಾಲ್ಲೂಕು ಅಂತಿತ್ತು. ಕ್ಷಮೆ ಕೇಳಿ ಬರೆದೆ. ‘ಇರಲಿ ಬಿಡಿ’ ಅಂತ ಉತ್ತರ ಬಂತು. ಆ ‘ಇರಲಿ ಬಿಡಿ’ ನನ್ನನ್ನು ಬಿಡಲಿಲ್ಲ. 2024ರ ದೀಪಾವಳಿ ಕಳೆದ ಮೇಲೆ ನಾಲ್ಕು ದಿನ ರಜೆ ಹಾಕಿ ಹೊರಟೆ.

ನಮ್ಮ ಅಮ್ಮನ ಊರು ಚನ್ನಗಿರಿ ಹತ್ತಿರ. ಬೆಂಗಳೂರಿನ ರಾತ್ರಿ ಬಸ್ಸು ಚಿತ್ರದುರ್ಗ, ಹೊಳಲ್ಕೆರೆ ದಾಟಿ ಬೆಳಗಿನ ಜಾವ ಇಳಿಸುತ್ತದೆ. ಆ ಹೊತ್ತಿಗೆ ಮೂಗಿಗೆ ಮೊದಲು ಸಿಗುವುದು ಅಡಿಕೆ ಬೇಯಿಸುವ ಒಗರು ವಾಸನೆ. ಕೊಯ್ಲಿನ ಕಾಲ ನೋಡಿ, ಅಂಗಳ, ಟಾರಸಿ, ಖಾಲಿ ಸೈಟು ಎಲ್ಲ ಕಡೆ ಕೆಂಪಡಿಕೆ ಹರಡಿರುತ್ತದೆ. ಪೇಟೆಯಲ್ಲಿ ಮಾತು ಶುರುವಾಗುವುದು ‘ಊಟ ಆಯ್ತಾ’ ಅಂತಲ್ಲ, ‘ರಾಶಿ ಎಷ್ಟಾಯ್ತು’ ಅಂತ. ತುಮ್ಕೋಸ್ ಟೆಂಡರಿನ ರೇಟು ಸಂಜೆಯೊಳಗೆ ಹತ್ತಾರು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿ ಮುಗಿದಿರುತ್ತದೆ.

ಮಾವ ನರ್ಸರಿ ಮಾಡಿದ್ದು ಬಹಳ ಹಿಂದೆ. ಗೊನೆ ಆರಿಸಿ, ಬಿತ್ತನೆ ಗೋಟು ಮಡಿಗೆ ಹಾಕಿ, ಮೊಳಕೆ ಬಂದದ್ದನ್ನು ಪ್ಯಾಕೆಟ್ಟಿಗೆ ಏರಿಸಿ ಮಾರುವ ಕೆಲಸ. ಗಿರಾಕಿ ಅಂದರೆ ಸುತ್ತಲ ಹತ್ತು ಹಳ್ಳಿ. 2012ರಲ್ಲಿ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ರಜೆಗೆ ಬಂದವಳು ಸುಮ್ಮನೆ ತಮಾಷೆಗೆ ನರ್ಸರಿ ಹೆಸರಲ್ಲಿ ಒಂದು ಪೇಜ್ ಮಾಡಿದೆ. ಆಗ ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೆದರೆ ಬರೀ ಚೌಕ ಡಬ್ಬಿಗಳು ಕಾಣುತ್ತಿದ್ದವು. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಫೋಟೊ ಮೇಲೆ ಮಾವನ ನಂಬರ್ ಹಾಕಿದೆ.

‘ಇದ್ರಾಗೆ ಯಾರ್ ನೋಡ್ತಾರವ್ವ? ಕಾಲೇಜ್ ಹುಡುಗ್ರು ಅಡಿಕೆ ಹಾಕ್ತಾರಾ?’ ಅಂತ ಮಾವ ನಕ್ಕಿದ್ದರು.

ಕಾಲೇಜು ಹುಡುಗರಿಗೆ ಅಪ್ಪಂದಿರಿದ್ದರು, ಅದು ಮಾವನಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ ಅನ್ನಿ. ಈಗ ಇದೇ ನನ್ನ ಹೊಟ್ಟೆಪಾಡಿನ ಕೆಲಸ. ಮೀಟಿಂಗಿನಲ್ಲಿ ‘ಅರ್ಲಿ ಅಡಾಪ್ಟರ್’ ಅನ್ನುವ ಮಾತು ಕೇಳಿದಾಗಲೆಲ್ಲ ಮಾವನ ಆ ನಗು ನೆನಪಾಗುತ್ತದೆ. ಮೊದಲು ಬಂದವರಿಗೆ ಲಾಭ ಯಾಕೆ ಅಂದರೆ ಜಾಗ ಖಾಲಿ ಇರುತ್ತದೆ, ಅಷ್ಟೇ. ಆ ದಿನಗಳಲ್ಲಿ ಪೇಜಿಗೆ ಹಾಕಿದ್ದು ಲೈಕ್ ಮಾಡಿದವರಲ್ಲಿ ತುಂಬಾ ಜನಕ್ಕೆ ದುಡ್ಡಿಲ್ಲದೆ ತಲುಪುತ್ತಿತ್ತು. 2014ರ ಹೊತ್ತಿಗೆ ಅದು ಇಳಿಯತೊಡಗಿತು. ಆಮೇಲೆ ಬಂದವರು ಕಾಸು ಕೊಟ್ಟು ಕೊಂಡ ಕಣ್ಣುಗಳನ್ನು ಮಾವ ಪುಕ್ಕಟೆ ಪಡೆದಿದ್ದರು. ಅದಕ್ಕಿಂತ ದೊಡ್ಡದು, ಕರೆ ಮಾಡಿದವರೆಲ್ಲರ ಹತ್ತಿರ ‘ನನ್ ನಂಬರ್ ಸೇವ್ ಮಾಡ್ಕೊಳ್ರಿ’ ಅಂತ ಹೇಳುವ ಅವರ ಅಭ್ಯಾಸ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಹೋಗುವುದು ನಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ, ಒಂದು ಪಟ್ಟಿಗೆ 256 ಜನ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಹಳ್ಳಿಯವರ ಕೈಗೂ ಡೇಟಾ ಸಿಕ್ಕಾಗ ಮಾವನ ಬಳಿ ಅಂಥ ನಾಲ್ಕು ಪಟ್ಟಿ ತಯಾರಿದ್ದವು.

ಈ ಸಲ ಆ ಒಣಗಿದ ಗಿಡದ ಫೋಟೊ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

‘ಸಸಿ ಚಲೋ ಇತ್ತವ್ವ. ಸಸಿ ಕೊಟ್ಟಿದ್ದು ನಾವು. ನೀರೂ ಕೊಡ್ತೀವಿ ಅಂದಿದ್ವಾ?’

‘ಪಿಂಚಣಿ ಅಂದಿದ್ವಲ್ಲ ಮಾವ.’

ಅತ್ತೆ ಕಾಫಿ ತಂದಿಟ್ಟರು. ಯಾರೂ ಮಾತಾಡಲಿಲ್ಲ.

ಮರುದಿನ ನ್ಯಾಮತಿಗೆ ಹೋದೆ. ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಊರು, ಪೇಟೆಗೆ ಇನ್ನೂ ಹೋಬಳಿಯ ಸಾವಧಾನವೇ ಇದೆ. ಬೆಳಗುತ್ತಿ ಕಡೆಯ ತೀರ್ಥರಾಮೇಶ್ವರದ ಬೆಟ್ಟಕ್ಕೆ ನೀವು ಹೋಗಿರದಿದ್ದರೆ ಒಮ್ಮೆ ಹೋಗಿ. ನಾನು ಹೋಗಿದ್ದು ಮಾತ್ರ ಫೇಸ್‌ಬುಕ್ ಪೇಜಿನ ಮೊಟ್ಟಮೊದಲ ಗಿರಾಕಿಯನ್ನು ನೋಡಲು. ನಿವೃತ್ತ ಮೇಷ್ಟ್ರು. ಶಿವಮೊಗ್ಗದಲ್ಲಿ ಓದುತ್ತಿದ್ದ ಮಗ ಫೋಟೊ ತೋರಿಸಿದ್ದ, 2013ರಲ್ಲಿ 300 ಸಸಿ ತಂದಿದ್ದರು. ಈಗ ತೋಟದೊಳಗೆ ಕಾಲಿಟ್ಟರೆ ಮಧ್ಯಾಹ್ನವೂ ತಂಪು. ನಡುನಡುವೆ ಬಾಳೆ, ಒಂದೆರಡು ಮರಕ್ಕೆ ಮೆಣಸಿನ ಬಳ್ಳಿ. ಮೇಷ್ಟ್ರು ಒಂದೊಂದು ಮರವನ್ನೂ ಹಾಜರಿ ಕರೆದ ಹಾಗೆ ತೋರಿಸಿದರು.

‘ನಿಮ್ಮಾವ ನಂಗೆ ಫೋನಲ್ಲಿ ಮೊದಲು ಕೇಳಿದ್ದೇನು ಗೊತ್ತಾ? ಎಷ್ಟು ಸಸಿ ಬೇಕು ಅಂತಲ್ಲ. ಬೋರು ಎಷ್ಟು ಇಂಚು, ಏಪ್ರಿಲ್‌ನಲ್ಲಿ ಎಷ್ಟಕ್ಕೆ ಇಳಿಯುತ್ತೆ ಅಂತ. ನಾನು 500 ಕೇಳಿದ್ದೆ. ನಿಮ್ ನೀರಿಗೆ 300 ಸಾಕು ಮೇಷ್ಟ್ರೇ ಅಂದ್ರು. ವ್ಯಾಪಾರ ಬೇಡ ಅನ್ನೋ ವ್ಯಾಪಾರಸ್ಥನ್ನ ನಾನು ನೋಡಿರ್ಲಿಲ್ಲ. ಅದಕ್ಕೇ ಅಲ್ಲೇ ತಗೊಂಡೆ.’

ನನಗೆ ತೋಟದ ತಂಪಿನಲ್ಲೂ ಬೆವರಿತು. ಆ ಪ್ರಶ್ನೆ ನಿಂತದ್ದು ಯಾವಾಗ ಅನ್ನುವುದು ನನಗೆ ಚೆನ್ನಾಗಿ ಗೊತ್ತು. 2018ರಲ್ಲಿ ವಾಟ್ಸಾಪ್ ಬಿಸಿನೆಸ್ ಬಂತು. ಮಾವನಿಗೆ ದಿನಕ್ಕೆ ಐವತ್ತು-ಅರವತ್ತು ಕರೆ, ಗಂಟಲು ಕಟ್ಟಿ ಹೋಗುತ್ತಿತ್ತು. ಭಾರ ಇಳಿಸೋಣ ಅಂತ ನಾನೇ ಆಟೊಮ್ಯಾಟಿಕ್ ಉತ್ತರ ಹಾಕಿ, ಆರ್ಡರ್ ಮಾಡಲು ಒಂದು ಆನ್‌ಲೈನ್ ಫಾರಂ ಮಾಡಿಕೊಟ್ಟೆ. ಹೆಸರು, ಊರು, ಫೋನ್, ಎಷ್ಟು ಸಸಿ. ನೀರಿನ ಕಾಲಂ ಅದರಲ್ಲಿರಲಿಲ್ಲ. ಕರೆಗಳು ಕಡಿಮೆಯಾದವು, ಮಾರಾಟ ದುಪ್ಪಟ್ಟಾಯಿತು. ಆಫೀಸಿನಲ್ಲಿ ಇದನ್ನೇ ಒಂದು ಯಶಸ್ಸಿನ ಕತೆ ಅಂತ ಸ್ಲೈಡ್ ಮಾಡಿ ತೋರಿಸಿ ಚಪ್ಪಾಳೆ ತಗೊಂಡವಳು ನಾನು.

ಹೊನ್ನಾಳಿಗೆ ಬಂದಾಗ ಸಂಜೆ. ಸೇತುವೆ ಮೇಲೆ ನಿಂತರೆ ತುಂಗಭದ್ರೆ ಕೆಳಗೆ ನಿಧಾನ ಹರಿಯುತ್ತಿತ್ತು. ಪೇಟೆ ತುಂಬಾ ಮೆಕ್ಕೆಜೋಳದ ಲಾರಿ, ಟ್ರ್ಯಾಕ್ಟರು. ಹಬ್ಬ ಮುಗಿದ ಮೇಲೆ ಈ ಕಡೆ ಹೋರಿ ಬೆದರಿಸುವ ಹುಚ್ಚು ಶುರು. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡ ಹೋರಿಗಳಿಗೆ ಸಿನಿಮಾ ಹೀರೊಗಳಂತೆ ಹೆಸರು, ಅಭಿಮಾನಿಗಳು, ಪೇಜುಗಳು. ಹೊನ್ನಾಳಿ ಹೊಡ್ತ ಅಂತ ಸುಮ್ಮನೆ ಅನ್ನೋದಿಲ್ಲ.

ನಮ್ಮ ರೀಲ್ ತೆಗೆದ ಹುಡುಗ ಇಲ್ಲಿಯವನು. ಮೊದಲು ಟಿಕ್‌ಟಾಕಿನಲ್ಲಿ ಹೋರಿ ವಿಡಿಯೊ ಹಾಕುತ್ತಿದ್ದ. 2020ರ ಜೂನ್ 29ಕ್ಕೆ ಸರ್ಕಾರ ಆ್ಯಪ್ ನಿಷೇಧಿಸಿದಾಗ ಅವನ ನಲವತ್ತು ಸಾವಿರ ಫಾಲೋವರ್ಸ್ ಒಂದೇ ರಾತ್ರಿಗೆ ಇಲ್ಲವಾದರು. ಒಬ್ಬರ ನಂಬರೂ ಇವನ ಹತ್ತಿರ ಇರಲಿಲ್ಲ. ಇನ್‌ಸ್ಟಾಗ್ರಾಮ್ ರೀಲ್ಸ್‌ಗೆ ಬಂದು ಮತ್ತೆ ಸೊನ್ನೆಯಿಂದ ಶುರು ಮಾಡಿದ. 2022ರ ಮಳೆಗಾಲದಲ್ಲಿ ರಾಶಿ ಅಡಿಕೆ ಕ್ವಿಂಟಲ್‌ಗೆ 50 ಸಾವಿರ ದಾಟಿ ಓಡುತ್ತಿದ್ದಾಗ ಮಾವನ ನರ್ಸರಿಗೆ ಇವನನ್ನು ಕರೆಸಿದ್ದೆ. ಡ್ರೋನ್ ಹಾರಿಸಿ ಹಸಿರು ಸಮುದ್ರದಂಥ ತೋಟ ತೆಗೆದ. ಸಾಲು ನನ್ನದು.

‘ಎರಡು ಲಕ್ಷ ವ್ಯೂ ಅಕ್ಕ ಅದು! ಕಮೆಂಟಲ್ಲಿ ಜಗಳೂರು, ಚಳ್ಳಕೆರೆ ಕಡೇರೇ ಜಾಸ್ತಿ ಇದ್ರು.’

‘ಅವರ ಕಡೆ ನೀರಿಲ್ಲ ಅಂತ ನಿಂಗೊತ್ತಿತ್ತಾ?’

ಅವನು ತಲೆ ಕೆರೆದುಕೊಂಡ. ‘ನಾನು ಹೋರಿ ಗೆದ್ದಿದ್ದೇ ಹಾಕೋದಕ್ಕ. ಬಿದ್ದಿದ್ದು ಯಾರ್ ನೋಡ್ತಾರೆ?’

ಅವನನ್ನು ಬೈಯಲು ನನಗೇನು ಹಕ್ಕು? ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮಲಗುವ ಮುಂಚೆ ಫಾರಂ ತೆಗೆದು ಎರಡು ಪ್ರಶ್ನೆ ಸೇರಿಸಿದೆ. ನೀರು ಎಲ್ಲಿಂದ? ಬೇಸಿಗೆಯಲ್ಲಿ ಎಷ್ಟು ಇಂಚು? ಅದರ ಕೆಳಗೆ ಒಂದು ಲೆಕ್ಕ: ಫಲ ಕೊಡುವ ಮರಕ್ಕೆ ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಒಂಬತ್ತು ಅಡಿಗೊಂದು ಗಿಡದಂತೆ ಎಕರೆಗೆ 540 ಅಂದರೆ ದಿನಕ್ಕೆ ಹತ್ತು ಸಾವಿರ ಲೀಟರ್ ಆಸುಪಾಸು. ಈ ಗುಣಾಕಾರವನ್ನು ನಾನು ಅದೇ ಮೊದಲ ಸಲ ಮಾಡಿದ್ದು.

ದಾವಣಗೆರೆಗೆ ಬಂದು (ಬೆಣ್ಣೆ ದೋಸೆ ಬಿಡಲಿಲ್ಲ, ತಪ್ಪೊಪ್ಪಿಕೊಂಡೆ) ಜಗಳೂರಿನ ಬಸ್ಸು ಹತ್ತಿದೆ. ಬಿಳಿಚೋಡು ಬರುವಷ್ಟರಲ್ಲಿ ನೆಲದ ಬಣ್ಣವೇ ಬೇರೆ. ಒಂದೇ ಜಿಲ್ಲೆ ಅನ್ನುತ್ತೇವೆ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡುವಾಗ ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ತಂದು ಸೇರಿಸಿದರು. ಅಲ್ಲಿ ಭದ್ರಾ ನಾಲೆ, ಸೂಳೆಕೆರೆ. ಇಲ್ಲಿ ಕೊಂಡುಕುರಿ ಓಡಾಡುವ ಕುರುಚಲು ಕಾಡು. ನಕ್ಷೆಯಲ್ಲಿ ಹಾಕಿದ ಗೆರೆಗೆ ಮಳೆ ಎಲ್ಲಿ ಕಿವಿಗೊಡುತ್ತದೆ? ಫೋನಿನ ಪರದೆಯಲ್ಲಂತೂ ಗೆರೆಯೂ ಇಲ್ಲ.

ಆ ಅಣ್ಣ ಬಸ್ ಸ್ಟಾಂಡಿಗೇ ಬೈಕ್ ತಂದಿದ್ದರು. ನಲವತ್ತರ ಆಸುಪಾಸು, ಮಾತು ಕಮ್ಮಿ. ಹೊಲಕ್ಕೆ ಹೋದೆವು. 540 ಗಿಡದಲ್ಲಿ ಉಳಿದಿದ್ದು 62, ಎಲ್ಲವೂ ತೊಟ್ಟಿಯ ಪಕ್ಕ. ಉಳಿದ ಜಾಗದಲ್ಲಿ ಮೆಕ್ಕೆಜೋಳ ಮುರಿದ ದಂಟು. ಕೆಲವು ಕಡೆ ಒಣಗಿದ ಬುಡಗಳು ಇನ್ನೂ ನಿಂತಿದ್ದವು.

‘ಇಪ್ಪತ್ತೆರಡ್ರಾಗೆ ಮಳೆ ಅಂದ್ರೆ ಮಳೆ. ಕೆರೆ ತುಂಬಿದ್ವು, ಬೋರ್ ಉಕ್ಕಿ ಬಂತು. ಇನ್ನೇನು ನಮ್ದೂ ಚನ್ನಗಿರಿನೇ ಆತು ಅಂದ್ಕಂಡ್ವಿ’ ಅಂದರು. ಮುಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಘೋಷಣೆ. 2024ರ ಬೇಸಿಗೆಯಲ್ಲಿ ಚನ್ನಗಿರಿಯವರೇ ಟ್ಯಾಂಕರಿನಲ್ಲಿ ನೀರು ತಂದು ತೋಟ ಉಳಿಸಿಕೊಳ್ಳಬೇಕಾಯಿತು. ಇವರೂ ಹೆಂಡತಿಯ ಓಲೆ ಒತ್ತೆ ಇಟ್ಟು ಒಂದು ತಿಂಗಳು ಟ್ಯಾಂಕರ್ ಹೊಡೆಸಿದ್ದರು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ತಾಲ್ಲೂಕಿನ ಜೀವಕ್ಕೆ ಬಂದಿದೆ, ನಿಜ. ಇವರ ಬೋರು ಆ ಕೆರೆಗಳಿಂದ ದೂರ.

‘ನಿಮ್ ಮ್ಯಾಲೆ ಸಿಟ್ಟಿಲ್ಲ ತಾಯಿ. ಮಳೆ ಕೈ ಕೊಡ್ತು, ನೀವೇನ್ ಮಾಡ್ತೀರಿ?’

ಅಕ್ಕ ಮಾತ್ರ ಬಾಗಿಲಲ್ಲಿ ನಿಂತವರು ನನ್ನ ಮುಖ ನೋಡಿಯೇ ಹೇಳಿದರು. ‘ಓಲೆ ಇನ್ನೂ ಬಿಡಿಸಿಲ್ಲ.’

ಅಷ್ಟರಲ್ಲಿ ಮಾವನ ಫೋನ್. ‘ಏನವ್ವ, ಫಾರಂ ಏನ್ ಮಾಡ್ದೆ? ಇವತ್ತು ಹದಿನಾಲ್ಕು ಜನ ಬರಬೇಕಿತ್ತು, ಆರೇ ಬಂದಾವೆ.’ ನಾನು ಎಲ್ಲಿದ್ದೇನೆ ಅಂತ ಹೇಳಿದೆ. ಎಷ್ಟು ಗಿಡ ಉಳಿದಿದೆ ಅಂತಲೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ‘ಅವರಿಗೆ ಕೊಡು ಫೋನು’ ಅಂದರು. ಇಬ್ಬರೂ ಹತ್ತು ನಿಮಿಷ ಮಾತಾಡಿದರು, ಹೆಚ್ಚಾಗಿ ಆ 62 ಗಿಡಕ್ಕೆ ಏನು ಮುಚ್ಚಿಗೆ ಮಾಡಬೇಕು, ಬುಡದಲ್ಲಿ ತೇವ ಹೇಗೆ ಹಿಡಿಸಬೇಕು ಅಂತ. ಸಸಿಯ ದುಡ್ಡು ವಾಪಸ್ ಕೊಡುವ ಮಾತೂ ಬಂತು. ಇವರು ಬೇಡ ಅಂದರು, ಅಕ್ಕ ಒಳಗಿನಿಂದ ಬೇಕು ಅಂದರು. ಅಕ್ಕನದೇ ನಡೆಯಿತು.

ಹೊರಡುವಾಗ ಅಣ್ಣ ಹಿತ್ತಲಿಗೆ ಕರೆದು ಈರುಳ್ಳಿ ರಾಶಿ ತೋರಿಸಿದರು. ‘ದಲ್ಲಾಳಿ ಬಾಯಿಗೆ ಬಂದಂಗೆ ಕೇಳ್ತಾನೆ. ನೀವು ಫೋಟೊ ಹಾಕಿದ್ರೆ ಹೋಗ್ತಾವಾ?’

2020ರ ಲಾಕ್‌ಡೌನಿನಲ್ಲಿ ಹಿರಿಯೂರು ಕಡೆಯ ರೈತ ಮಹಿಳೆಯೊಬ್ಬರು ಈರುಳ್ಳಿ ಹಿಡಿದು ಮಾಡಿದ ವಿಡಿಯೊ ಮುಖ್ಯಮಂತ್ರಿಯವರೆಗೂ ಹೋಗಿದ್ದು ನೆನಪಾಯಿತು. ನಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ 200 ಮನೆಗಳಿವೆ. ಫೋಟೊ ತೆಗೆದೆ. ಒಂದೆರಡು ಗೆಡ್ಡೆ ಕೈಗೆತ್ತಿ ನೋಡಿ ಬರೆದೆ: ‘ಜಗಳೂರಿನ ಈರುಳ್ಳಿ, ಮಧ್ಯಮ ಗಾತ್ರ, 40 ಚೀಲ. ಅಕ್ಟೋಬರ್ ಮಳೆಗೆ ಸಿಕ್ಕಿ ಮೇಲಿನ ಸಿಪ್ಪೆ ಕಪ್ಪಾಗಿದೆ, ಒಳಗೆ ಚೆನ್ನಾಗಿದೆ. ಹೆಚ್ಚು ದಿನ ಇಡಬೇಡಿ.’

ಅಣ್ಣ ಭುಜದ ಮೇಲಿಂದ ಓದಿದರು. ‘ಕಪ್ಪಾಗೈತೆ ಅಂತಾನೂ ಹಾಕ್ಬೇಕಾ?’

‘ಹಾಕ್ಲಾ, ಬೇಡ್ವಾ?’

ಅವರು ಒಂದು ಗೆಡ್ಡೆ ತಗೊಂಡು ಸಿಪ್ಪೆ ಸುಲಿದು, ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

‘ಸುಲಿದಿದ್ದೂ ಒಂದ್ ಫೋಟೊ ತಗಿ ಹಂಗಾದ್ರೆ’ ಅಂದರು.