ಶಾಲೆಯ ಚೆಂಡು, ಕಂಪನಿಯ ಚೆಂಡು

ಗೋವಾದ ಫುಟ್‌ಬಾಲ್ ಮೊದಲು ಹುಟ್ಟಿದ್ದು ಶಾಲೆಯ ಅಂಗಳದಲ್ಲಿ. 1883ರಲ್ಲಿ ಫಾದರ್ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿ ಬಾರ್ದೇಶದ ಶಿವೊಲಿಗೆ ಬಂದು, ಮಕ್ಕಳ ಶಿಕ್ಷಣದ ಒಂದು ಅಂಗವಾಗಿ ಈ ಆಟವನ್ನು ಕಲಿಸಿದರೆಂಬುದು ಇಲ್ಲಿನ ಕ್ರೀಡಾ ಚರಿತ್ರೆಯಲ್ಲಿ ರೂಢಿಯಾಗಿರುವ ಮಾತು. ವಿಮೋಚನೆಯ ನಂತರದ ದಶಕಗಳಲ್ಲಿ ಚೆಂಡು ಗಣಿ ಕಂಪನಿಗಳ ಕೈಗೆ ಬಂದಿತು. ಡೆಂಪೊ, ಸಾಲ್ಗಾಂವ್‌ಕರ್, ಸೆಸಾ ಎಂಬ ಹೆಸರುಗಳು ಅದಿರಿನ ಲಾರಿಗಳ ಮೇಲೆ ಹೇಗೋ ಆಟಗಾರರ ಅಂಗಿಗಳ ಮೇಲೂ ಹಾಗೆಯೇ ಮೆರೆದವು. 2012ರಲ್ಲಿ ಸರಕಾರ ಫುಟ್‌ಬಾಲನ್ನು ರಾಜ್ಯಕ್ರೀಡೆಯೆಂದು ಘೋಷಿಸಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಎಫ್‌ಸಿ ಗೋವಾ ಎಂಬ ಫ್ರಾಂಚೈಸಿ ಜನ್ಮತಾಳಿತು. ನೂರಮೂವತ್ತು ವರ್ಷಗಳ ಅವಧಿಯಲ್ಲಿ ಒಂದೇ ಚೆಂಡು ಮೂರು ಮನೆಗಳನ್ನು ಕಂಡಿದೆ: ಶಾಲೆ, ಕಂಪನಿ, ಫ್ರಾಂಚೈಸಿ.

ಈ ಮೂರು ಮನೆಗಳ ಸ್ವಭಾವವೇನು, ಒಂದಕ್ಕೊಂದು ಎಲ್ಲಿ ಹೋಲುತ್ತವೆ, ಎಲ್ಲಿ ಬೇರಾಗುತ್ತವೆ ಎಂಬುದು ಚಹಾದಂಗಡಿಯ ಹರಟೆಗಷ್ಟೇ ಸೇರಿದ ವಿಷಯವಲ್ಲ. ಫೋಂಡಾ ತಾಲೂಕಿನ ಕುಂಡಯಿಯಂಥ ಊರಿನಲ್ಲಿ ಇದು ಅಡುಗೆಮನೆಯವರೆಗೂ ಬಂದು ನಿಲ್ಲುವ ಪ್ರಶ್ನೆ. ಒಂದು ಕಡೆ ನವದುರ್ಗೆಯ ದೇವಾಲಯ, ಇನ್ನೊಂದು ಕಡೆ ಕೈಗಾರಿಕಾ ವಸಾಹತಿನ ಶೆಡ್ಡುಗಳು. ಆ ಶೆಡ್ಡುಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಂದವರು ದುಡಿಯುತ್ತಾರೆ. ಅವರ ಮಕ್ಕಳಲ್ಲಿ ಕೆಲವರು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಬೇರೆ ಮಾಧ್ಯಮಕ್ಕೆ ದಾಟುತ್ತಾರೆ. ಆ ದಾಟುವಿಕೆಯಲ್ಲಿ ತರಗತಿ ಕೆಲಕಾಲ ಪರಕೀಯವಾಗುತ್ತದೆ. ಮೈದಾನ ಮಾತ್ರ ಎಂದೂ ಪರಕೀಯವಾಗುವುದಿಲ್ಲ. ಕೊಂಕಣಿ ಬಾರದ ಹುಡುಗನಿಗೂ ಚೆಂಡು ಪಾಸು ಮಾಡಲು ಬರುತ್ತದೆ.

ಅಂಥ ಒಂದು ಮನೆಯ ಹುಡುಗ ಹತ್ತನೆಯ ತರಗತಿಯಲ್ಲಿದ್ದಾನೆ. ಎಡಗಾಲಿನ ಆಟಗಾರ, ಎಡ ಅಂಚಿನಲ್ಲಿ ಓಡುವವನು. ಶಾಲೆಯ ದೈಹಿಕ ಶಿಕ್ಷಕರು ಹನ್ನೊಂದನೆಯ ತರಗತಿಗೆ ಒಳ್ಳೆಯ ತಂಡವಿರುವ ಹೈಯರ್ ಸೆಕೆಂಡರಿಗೆ ಸೇರಿಸಿರೆಂದು ಹೇಳಿದ್ದಾರೆ. ಅಭ್ಯಾಸಕ್ಕೆ ಬರುವ ಇನ್ನೊಬ್ಬರು, ಓದು ಆಮೇಲೂ ಆದೀತು, ಕಾಲು ಮಾತ್ರ ಈಗಲೇ ಓಡಬೇಕು, ಅಕಾಡೆಮಿಗೆ ಕಳುಹಿಸಿರೆಂದು ಹೇಳಿದ್ದಾರೆ. ಹುಡುಗನ ಮನಸ್ಸು ಎರಡನೆಯ ಮಾತಿನ ಕಡೆಗಿದೆ.

“ಅಪ್ಪಾ, ಮುಂದ ದೊಡ್ಡ ಟೀಮಿನ್ಯಾಗ ಆಡಿದ್ರ ಪಗಾರಾನೂ ಕೊಡ್ತಾರಂತ.”

ತಂದೆ ಇಪ್ಪತ್ತು ವರ್ಷ ಕಾರ್ಖಾನೆಯ ಗೇಟಿನೊಳಗೆ ಹೊಕ್ಕು ಹೊರಬಂದವನು. ಅವನು ಕೇಳಿದ ಪ್ರಶ್ನೆ ಒಂದೇ: “ಎಷ್ಟ ವರ್ಷ ಕೊಡ್ತಾರೋ ತಮ್ಮಾ? ಪರ್ಮನೆಂಟೋ, ಕಾಂಟ್ರಾಕ್ಟೋ?”

ಫುಟ್‌ಬಾಲಿನ ಆಡಳಿತದ ಬಗ್ಗೆ ಬರೆಯಲಾದ ದೊಡ್ಡ ದೊಡ್ಡ ವರದಿಗಳೆಲ್ಲ ಸುತ್ತಿ ಬಳಸಿ ಬಂದು ನಿಲ್ಲುವುದು ಈ ಪ್ರಶ್ನೆಯ ಬಳಿಯೇ.

ಕಾಲೇಜಿನ ತಂಡವನ್ನೂ ವೃತ್ತಿಪರ ತಂಡವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವ ಅಭ್ಯಾಸ ಹೆಚ್ಚಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಆಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಬೇರೊಂದು ಆಟವನ್ನು. ಆ ದೇಶದಲ್ಲಿ ಕಾಲೇಜಿನ ಆಟಕ್ಕೆ ಸೇರುವ ಜನಸಾಗರ ಬೆರಗು ಹುಟ್ಟಿಸುವಂಥದು. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಆಸನಗಳಿವೆ. ವೃತ್ತಿಪರ ತಂಡಗಳ ಬಹುಪಾಲು ಮೈದಾನಗಳು ಇದಕ್ಕಿಂತ ಚಿಕ್ಕವು. ನೆಬ್ರಾಸ್ಕ ರಾಜ್ಯದಲ್ಲಿ ಎನ್‌ಎಫ್‌ಎಲ್ ತಂಡವೇ ಇಲ್ಲ. ಅಲ್ಲಿನ ವಿಶ್ವವಿದ್ಯಾಲಯದ ತಂಡವೇ ಇಡೀ ರಾಜ್ಯದ ತಂಡ. ಇದಕ್ಕೆ ಜೋಡಿಯಾಗಿ ವೃತ್ತಿಪರ ಲೀಗಿನಲ್ಲಿ ನಿಲ್ಲುವುದು ಗ್ರೀನ್ ಬೇ ಎಂಬ ಪುಟ್ಟ ನಗರದ ಪ್ಯಾಕರ್ಸ್ ತಂಡ. ಅದಕ್ಕೆ ಒಬ್ಬ ಧಣಿಯಿಲ್ಲ. 1923ರಿಂದಲೂ ಸಾಮಾನ್ಯ ಜನರೇ ಷೇರುದಾರರು. ಷೇರಿಗೆ ಲಾಭಾಂಶವಿಲ್ಲ, ಅಭಿಮಾನವೊಂದೇ ಲಾಭ. ಹಾಗೆಯೇ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೂ ಡಲ್ಲಾಸ್ ಕೌಬಾಯ್ಸ್ ತಂಡಕ್ಕೂ ತಮ್ಮ ಊರಿನಾಚೆ ದೇಶದುದ್ದಗಲಕ್ಕೂ ಅಭಿಮಾನಿಗಳಿದ್ದಾರೆ. ಎರಡನ್ನೂ ಪ್ರೀತಿಸುವವರಷ್ಟೇ ಸಂಖ್ಯೆಯಲ್ಲಿ ದ್ವೇಷಿಸುವವರೂ ಇದ್ದಾರೆ.

ಹೊರಗಿನ ಈ ಹೋಲಿಕೆಯನ್ನು ದಾಟಿ ಒಳಗಿನ ಲೆಕ್ಕಕ್ಕೆ ಬಂದರೆ ಚಿತ್ರ ಬೇರೆಯಾಗುತ್ತದೆ. ಹೈಸ್ಕೂಲು ಮುಗಿಸಿ ಮೂರು ವರ್ಷವಾಗದೆ ಎನ್‌ಎಫ್‌ಎಲ್ ಪ್ರವೇಶವಿಲ್ಲ. ಆದ್ದರಿಂದ ಕಾಲೇಜೇ ಆ ಲೀಗಿನ ಹೊಸ್ತಿಲು. ಆ ಹೊಸ್ತಿಲನ್ನು ದಾಟುವವರು ಎಷ್ಟು ಮಂದಿ? ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅಂದಾಜಿನಂತೆಯೇ ನೂರರಲ್ಲಿ ಇಬ್ಬರೂ ಇಲ್ಲ. ಉಳಿದ ತೊಂಬತ್ತೆಂಟು ಮಂದಿಯ ಕೈಯಲ್ಲಿ ಉಳಿಯುವುದು ಪದವಿಪತ್ರ, ಅದೂ ಓದಿದ್ದರೆ. ಬಹುಕಾಲ ಈ ಆಟಗಾರರು ವಿಶ್ವವಿದ್ಯಾಲಯಗಳಿಗೆ ಕೋಟಿಗಟ್ಟಲೆ ಗಳಿಸಿಕೊಟ್ಟು, ತಾವು ವಿದ್ಯಾರ್ಥಿವೇತನವನ್ನಷ್ಟೇ ಪಡೆದರು. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದಿಂದ ತೀರ್ಪಿತ್ತು, ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳಿಗೆ ಮಿತಿ ಹೇರುವಂತಿಲ್ಲವೆಂದಿತು. 2025ರಲ್ಲಿ ನ್ಯಾಯಾಲಯ ಅಂಗೀಕರಿಸಿದ ಮತ್ತೊಂದು ರಾಜಿಯಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುವುದು ಸಾಧ್ಯವಾಯಿತು. ಅಲ್ಲಿ ಕಾಲೇಜು ನಿಧಾನವಾಗಿ ಫ್ರಾಂಚೈಸಿಯ ರೂಪ ತಾಳುತ್ತಿದೆ.

ನಮ್ಮ ದೇಶದಲ್ಲಿ ಕಾಲೇಜಿನಿಂದ ವೃತ್ತಿಪರ ತಂಡಕ್ಕೆ ಹಾಗೆ ಕಟ್ಟಿದ ಸೇತುವೆಯಿಲ್ಲ. ಶಾಲಾ ಮಕ್ಕಳಿಗೆ 1960ರಿಂದ ವಾಯುಪಡೆಯ ಆಶ್ರಯದಲ್ಲಿ ನಡೆದುಬಂದ ಸುಬ್ರೊತೊ ಕಪ್ ಇದೆ. ಪದವಿ ವಿದ್ಯಾರ್ಥಿಗಳಿಗೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಿದೆ. ಆದರೆ ಕ್ಲಬ್‌ಗಳು ಹುಡುಗರನ್ನು ಆರಿಸಿಕೊಳ್ಳುವುದು ಹೆಚ್ಚಾಗಿ ಅಕಾಡೆಮಿಗಳಿಂದ, ಹದಿಮೂರು ಹದಿನಾಲ್ಕರ ಎಳೆ ವಯಸ್ಸಿನಲ್ಲಿ. 1987ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾ ಅಕಾಡೆಮಿ, 1999ರಲ್ಲಿ ಗೋವಾದಲ್ಲಿ ಸೆಸಾ ಅಕಾಡೆಮಿ ಈ ದಾರಿಯನ್ನು ತೆರೆದವು. ಅಮೆರಿಕದ ಹುಡುಗನಿಗೆ ಓದು ಮತ್ತು ಆಟ ಒಂದೇ ಗೇಟಿನೊಳಗೆ ಸಿಗುತ್ತವೆ. ನಮ್ಮ ಹುಡುಗ ಎರಡು ಗೇಟುಗಳ ನಡುವೆ ನಿಂತು ಆಯ್ಕೆ ಮಾಡಬೇಕಾಗುತ್ತದೆ.

ಇವೆರಡರ ನಡುವೆ ನಮ್ಮಲ್ಲಿ ಮೂರನೆಯದೊಂದು ಮನೆಯಿತ್ತು. ಅದರ ಉತ್ತಮ ಉದಾಹರಣೆ ಬೆಂಗಳೂರು. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದು ಬ್ರಿಟಿಷ್ ಪಲ್ಟನ್‌ಗಳ ಏಕಸ್ವಾಮ್ಯ ಮುರಿಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಪರವಾಗಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮುಂದೆ ಐಟಿಐ, ಎಚ್‌ಎಎಲ್ ಮೊದಲಾದ ಸಾರ್ವಜನಿಕ ಉದ್ದಿಮೆಗಳು ತಂಡಗಳನ್ನು ಕಟ್ಟಿದವು. ಆಟಗಾರ ಅಲ್ಲಿ ನೌಕರನೂ ಹೌದು. ಮೂವತ್ತೆರಡರಲ್ಲಿ ಮೊಣಕಾಲು ಸೋತರೆ ಅಂಗಿ ಕಳಚಿಟ್ಟು ಕಚೇರಿಯ ಮೇಜಿಗೆ ಹೋಗುತ್ತಿದ್ದ. ನಿವೃತ್ತಿಯವರೆಗೂ ಸಂಬಳ ನಿಲ್ಲುತ್ತಿರಲಿಲ್ಲ. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದದ್ದು, 1968-69ರಲ್ಲಿ ಕೊನೆಯ ಬಾರಿ ಗೆದ್ದದ್ದು, ಉದ್ಯೋಗವನ್ನೂ ಆಟವನ್ನೂ ಜೊತೆಯಾಗಿ ನಡೆಸುತ್ತಿದ್ದ ಆ ಕಾಲದಲ್ಲಿಯೇ. ಕರ್ನಾಟಕಕ್ಕೆ ಆ ಟ್ರೋಫಿ ಮರಳಿ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಆ ನಿರೀಕ್ಷೆ ಮುಗಿಯಿತು.

ಗೋವಾದ ಕಂಪನಿ ಕ್ಲಬ್‌ಗಳ ಸಾಧನೆಯೂ ಕಡಿಮೆಯದಲ್ಲ. 2005ರಿಂದ 2012ರವರೆಗೆ ಡೆಂಪೊ ಒಂದೇ ಐದು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಆದರೆ ಹೊಸ ಲೀಗಿಗೆ ಮೊದಲ ಸ್ಥಾನ ನೀಡುವ ಯೋಜನೆ ಬಂದಾಗ, 2016ರಲ್ಲಿ ಡೆಂಪೊ, ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಕ್ಲಬ್ ಮೂರೂ ಐ-ಲೀಗ್‌ನಿಂದ ಹೊರನಡೆದವು. ಡೆಂಪೊ ಮತ್ತೆ ಐ-ಲೀಗ್‌ಗೆ ಏರಿ ಬಂದದ್ದು 2024ರಲ್ಲಿ. ಎಂಟು ವರ್ಷವೆಂದರೆ ಕ್ಲಬ್ಬಿನ ಚರಿತ್ರೆಯಲ್ಲಿ ಒಂದು ಅಧ್ಯಾಯ. ಆಟಗಾರನಿಗಾದರೋ ಇಡೀ ಆಯುಷ್ಯ.

ಫ್ರಾಂಚೈಸಿಗಳು ಆಟಕ್ಕೆ ಹೊಳಪು ತಂದಿವೆ ಎಂಬುದನ್ನು ಅಲ್ಲಗಳೆಯಲಾಗದು. ಫತೋರ್ಡಾ ಮೈದಾನದ ದೀಪಗಳ ಕೆಳಗೆ ಆಡುವ ಎಫ್‌ಸಿ ಗೋವಾ 2021ರಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೂರೇ ವರ್ಷಗಳಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಹಿಂದಿನ ಪೀಳಿಗೆಯ ಆಟಗಾರ ಕನಸಿನಲ್ಲೂ ಕಾಣದ ಸಂಬಳ ಇಂದಿನವರಿಗೆ ದೊರೆಯುತ್ತದೆ. ಹೀಗಿದ್ದರೂ 2025ರ ಜುಲೈನಲ್ಲಿ ಸಂಘಟಕರಿಗೂ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟಕ್ಕೂ ನಡುವಣ ಕರಾರು ಮುಂದೇನಾಗುವುದೋ ತಿಳಿಯದೆ ಇಡೀ ಲೀಗನ್ನೇ ತಡೆಹಿಡಿಯಲಾಯಿತು. ಮರುತಿಂಗಳು ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ಯುವ ತಂಡಗಳ ಕೆಲಸ ಮುಂದುವರಿಯುವುದೆಂದೂ ಹೇಳಿತು. ದೇಶದ ಅತ್ಯುತ್ತಮ ಆಟಗಾರರು ಆಡಲು ಸಿದ್ಧರಾಗಿಯೂ ಆಟವಿಲ್ಲದೆ ಕುಳಿತರು. ಕುಂಡಯಿಯ ತಂದೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗುತ್ತಿಗೆದಾರ ಬದಲಾದಾಗ ಗೇಟಿನ ಹೊರಗೆ ನಿಲ್ಲುವುದೆಂದರೇನು ಎಂಬುದು ಅವನಿಗೆ ಗೊತ್ತಿದೆ.

ಹಾಗೆಂದು ಅಕಾಡೆಮಿಯ ಬಾಗಿಲು ಮುಚ್ಚಬೇಕೆಂದಲ್ಲ. ಯಾವುದೇ ಕೆಲಸಕ್ಕೆ ಸೇರುವ ಮೊದಲು ಕೇಳುವ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕು. ಕಾರ್ಖಾನೆಯಲ್ಲಿ ಪಿಎಫ್ ಇದೆಯೇ, ಇಎಸ್‌ಐ ಇದೆಯೇ ಎಂದು ಕೇಳುವವನು ಅಕಾಡೆಮಿಯಲ್ಲಿ ಹೀಗೆ ಕೇಳಬೇಕು: ಹುಡುಗ ಯಾವ ಶಾಲೆಗೆ ಹೋಗುತ್ತಾನೆ? ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಯಾರು ಕೂರಿಸುತ್ತಾರೆ? ಗಾಯವಾದರೆ ಚಿಕಿತ್ಸೆಯ ವೆಚ್ಚ ಯಾರದು? ಮಧ್ಯದಲ್ಲಿ ಬಿಡಬೇಕಾದರೆ ಹಣ ಕಟ್ಟಬೇಕೇ? ಉತ್ತರಗಳು ಬಾಯಿಮಾತಿನಲ್ಲಿ ಬಂದರೆ ಸಾಲದು, ಕಾಗದದ ಮೇಲೆ ಬರಬೇಕು. ಹದಿನೆಂಟು ತುಂಬದವನು ತಾನಾಗಿ ಕರಾರು ಮಾಡಿಕೊಳ್ಳಲಾರ. 1872ರ ಭಾರತೀಯ ಕರಾರು ಅಧಿನಿಯಮದ 11ನೆಯ ಕಲಮು ಅದನ್ನು ಹೇಳುತ್ತದೆ. 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಅಂಥ ಕರಾರು ಆರಂಭದಿಂದಲೇ ಶೂನ್ಯವೆಂದು ತೀರ್ಮಾನಿಸಿತು. ಆದ್ದರಿಂದ ಸಹಿ ಕೇಳುವುದು ತಂದೆತಾಯಿಯ ಬಳಿ. ಹದಿನೆಂಟರೊಳಗಿನವರ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರಬಾರದೆಂಬುದು ಫಿಫಾದ ನಿಯಮ. ಇಂಗ್ಲಿಷಿನ ಹಾಳೆಯನ್ನು ಓದಿಸಿಕೊಂಡು ಅರ್ಥಮಾಡಿಕೊಳ್ಳದೆ ಸಹಿ ಹಾಕುವ ಅವಸರ ಯಾರಿಗೂ ಇರಬೇಕಾಗಿಲ್ಲ.

ಕಾಲೇಜಿನ ದಾರಿಯಲ್ಲಿ ಕೀರ್ತಿ ಕಡಿಮೆ. ಆದರೆ ಕಳೆದುಕೊಳ್ಳುವುದೂ ಕಡಿಮೆ. ಗೋವಾ ಮಂಡಳಿಯ ಪರೀಕ್ಷೆಗಳಲ್ಲಿ ಕ್ರೀಡೆಗೆ ಅಂಕ ಸೇರುವ ವ್ಯವಸ್ಥೆಯಿದೆ, ಮುಂದೆ ಕ್ರೀಡಾ ಕೋಟಾದ ಪ್ರವೇಶವಿದೆ, ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ನೇಮಕಾತಿಯಿದೆ. ಹಳೆಯ ಕಂಪನಿ ಮನೆಯಲ್ಲಿ ಇಂದಿಗೂ ಉಳಿದಿರುವ ಕೋಣೆಗಳು ಇವು. ಅಲ್ಲಿ ಕಾಲಿನ ಜೊತೆಗೆ ಅಂಕಪಟ್ಟಿಯನ್ನೂ ನೋಡುತ್ತಾರೆ.

ಇನ್ನು ಯಾವ ದಾರಿ ಹಿಡಿದರೂ ತಪ್ಪದ ಕಾಗದವೊಂದಿದೆ: ಜನನ ಪ್ರಮಾಣಪತ್ರ. ವಯೋಮಿತಿಯ ಪಂದ್ಯಗಳಲ್ಲಿ ಆಡಬೇಕಾದರೆ ವಯಸ್ಸನ್ನು ಸಾಬೀತುಪಡಿಸಲೇಬೇಕು. ನಮ್ಮ ಮನೆಗಳಲ್ಲಿ ಹೆರಿಗೆಗೆ ತವರಿಗೆ ಹೋಗುವ ವಾಡಿಕೆ. ಮಗು ಹುಟ್ಟುವುದು ಕರ್ನಾಟಕದ ಯಾವುದೋ ಹಳ್ಳಿಯಲ್ಲಿ, ಬೆಳೆಯುವುದು ಗೋವಾದಲ್ಲಿ. ನೋಂದಣಿಯಾಗಬೇಕಾದದ್ದು ಹುಟ್ಟಿದ ಸ್ಥಳದಲ್ಲಿ. ಎಷ್ಟೋ ಮಕ್ಕಳ ಹೆಸರು ಆ ಪುಸ್ತಕವನ್ನೇ ಸೇರಿರುವುದಿಲ್ಲ. ಶಾಲೆಯ ದಾಖಲೆಯಲ್ಲಿ ಅಂದಾಜಿನ ತಾರೀಖು ಕುಳಿತಿರುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮದ 13ನೆಯ ಕಲಮಿನಂತೆ, ಒಂದು ವರ್ಷ ಮೀರಿದ ನೋಂದಣಿಗೆ ಮೊದಲು ನ್ಯಾಯಿಕ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೇ ಆ ಆದೇಶ ನೀಡಬಹುದು. ಮಗ ಹದಿನೈದಕ್ಕೆ ಬಂದಾಗ ಓಡಾಡುವುದಕ್ಕಿಂತ ಐದಕ್ಕೆ ಬಂದಾಗಲೇ ಇದನ್ನು ಮುಗಿಸಿಕೊಳ್ಳುವುದು ಜಾಣತನ. ಕನ್ನಡ ಶಾಲೆಯ ಪಾಲಕರ ಸಭೆಯಲ್ಲಿ ವರ್ಷಕ್ಕೊಮ್ಮೆ ಈ ವಿಷಯ ಎತ್ತಿದರೂ ಹಲವು ಮನೆಗಳಿಗೆ ಉಪಕಾರವಾದೀತು.

ಎಡಗಾಲಿನ ಹುಡುಗನ ಮನೆಯಲ್ಲಿ ಮಾತು ಒಂದು ಹಂತಕ್ಕೆ ಬಂದಿದೆ. ಹನ್ನೊಂದನೆಯ ತರಗತಿಗೆ, ವಾಣಿಜ್ಯ ವಿಭಾಗಕ್ಕೆ ಸೇರುವುದು ಖಚಿತ. ಆಯ್ಕೆ ಶಿಬಿರಕ್ಕೂ ಹೋಗಲಿ, ಓದು ಬಿಡಿಸದ ಅಕಾಡೆಮಿ ಕರೆದರೆ ಆಗ ಯೋಚಿಸೋಣವೆಂದು ತಂದೆ ಒಪ್ಪಿದ್ದಾನೆ. ಹುಡುಗನಿಗೆ ಅರ್ಧ ಸಮಾಧಾನ. ತಾಯಿಗೆ ಮಾತ್ರ ಪೂರ್ತಿ ಕೆಲಸ: ಬರುವ ವಾರ ಹುನಗುಂದದ ಕಡೆಯ ತವರಿಗೆ ಹೋಗಿ, ಹದಿನೈದು ವರ್ಷದ ಹಿಂದೆ ಹೆರಿಗೆ ಮಾಡಿಸಿದ ಆಸ್ಪತ್ರೆಯ ಚೀಟಿಯನ್ನು ಟ್ರಂಕಿನಲ್ಲಿ ಹುಡುಕಬೇಕಾಗಿದೆ.